ಸ್ಟ್ರ್‌ಲೆನ್ ಬರೆದು ಮುಗಿದ ಮೇಲೆ ಸಿ ಲೈಬ್ರರಿಯಲ್ಲಿ ಇನ್ನೆಂತ ಕೆಲಸ?

ಬದಿಯಡ್ಕ_ಬೈಟ್ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಪೇಟೆಯ ಒಂದು ಅಡಿಕೆ ಅಂಗಡಿಗೆ ಸಣ್ಣ ಬಿಲ್ಲಿಂಗ್ ಪ್ರೋಗ್ರಾಮ್ ಬರೆದು ಕೊಟ್ಟಿದ್ದೇನೆ, ಸಿ ಭಾಷೆಯಲ್ಲಿ. ಸಿ ಯಾಕೆ ಎಂದು ಕೇಳಬೇಡಿ. ನನಗೆ ಸರಿಯಾಗಿ ಬರುವುದು ಅದೊಂದೇ.

ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ 22.04. ಅಂಗಡಿಯ ಹಳೆ ಪಿಸಿಯಲ್ಲಿ 18.04, ನನ್ನ ಶಾಲೆಯ ದೋಸ್ತಿ ಯಾವಾಗಲೋ ಹಾಕಿ ಕೊಟ್ಟದ್ದು. ಪೆನ್‌ಡ್ರೈವಿನಲ್ಲಿ ಪ್ರೋಗ್ರಾಮ್ ತೆಗೆದುಕೊಂಡು ಹೋದೆ. ಓಡಿಸಿದರೆ ಒಂದೇ ಸಾಲು: "ಲಿಬ್‌ಸಿ ಡಾಟ್ ಎಸ್‌ಓ ಡಾಟ್ 6: ವರ್ಷನ್ ಗ್ಲಿಬ್‌ಸಿ 2.34 ನಾಟ್ ಫೌಂಡ್". ಲಿಬ್‌ಸಿ ಎಂದರೆ ಸಿ ಪ್ರೋಗ್ರಾಮುಗಳು ಬಳಸುವ ಸಿದ್ಧ ಫಂಕ್ಷನ್‌ಗಳ ಲೈಬ್ರರಿ, ಉಬುಂಟುವಿನಲ್ಲಿ ಇರುವ ಲಿಬ್‌ಸಿಯ ಹೆಸರು ಗ್ಲಿಬ್‌ಸಿ. ಅಂಗಡಿಯ ಧಣಿಗಳು ಮೂಗಿನ ಮೇಲೆ ಕನ್ನಡಕ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಮರ್ಯಾದೆ ಹೋಯಿತು.

ನಾನು ಬಳಸಿದ್ದು ಅಚ್ಚು ಹಾಕುವ ಪ್ರಿಂಟ್‌ಎಫ್, ಫೈಲ್ ತೆರೆಯುವ ಎಫ್‌ಓಪನ್, ಪದ ಹೋಲಿಸುವ ಸ್ಟ್ರ್‌ಕಂಪ್. ಇವೆಲ್ಲ ನಾನು ಹುಟ್ಟುವ ಮೊದಲೇ ಇದ್ದವು. ಅಕ್ಷರ ಎಷ್ಟು ಉಂಟು ಎಂದು ಎಣಿಸುವ ಸ್ಟ್ರ್‌ಲೆನ್‌ಗೆ ಹೊಸತಾಗಿ ಎಂತ ಸೇರಿಸುವುದಕ್ಕೆ ಉಂಟು? ಆರು ತಿಂಗಳಿಗೊಮ್ಮೆ ಹೊಸ ವರ್ಷನ್ ಬಿಡುತ್ತಾರಂತೆ. ಇವರಿಗೆ ಬೇರೆ ಕೆಲಸ ಇಲ್ವಾ? ಸಿಟ್ಟಿನಲ್ಲೇ ಕೇಳುತ್ತಿದ್ದೇನೆ.

ಪೆರ್ಲದವ | 9:52

ಹೊಸ ಲಿಬ್‌ಸಿ ಫೈಲನ್ನೇ ಕಾಪಿ ಮಾಡಿ ಹಳೆ ಪಿಸಿಗೆ ಹಾಕಿಬಿಡಿ. ಮುಗಿಯಿತು.

ನಲ್_ಪಾಯಿಂಟರ್ | 9:53

ಬೇಡ!!! ಪೆರ್ಲದವರ ಮಾತು ದಯವಿಟ್ಟು ಕೇಳಬೇಡಿ.

ನಲ್_ಪಾಯಿಂಟರ್ | 10:05

ಸರಿ, ಈಗ ಕಾರಣ ಹೇಳುತ್ತೇನೆ. ಮಂಗಳೂರಿನಲ್ಲಿ ಓದುವಾಗ ನಾನು ಇದನ್ನೇ ಮಾಡಿದ್ದೆ. ಹಳೆ ಲಿಬ್‌ಸಿ ಮೇಲೆ ಹೊಸದನ್ನು ಹಾಕಿ ಎಂಟರ್ ಒತ್ತಿದೆ. ಆಮೇಲೆ ಎಲ್‌ಎಸ್ ಹೊಡೆದರೆ ಎರರ್. ಸಿಪಿ ಎರರ್. ಎಂವಿ ಎರರ್. ಹಳೆಯದನ್ನು ವಾಪಸ್ ಹಾಕೋಣ ಎಂದರೆ ಹಾಕುವ ಕಮಾಂಡೇ ಏಳುತ್ತಿಲ್ಲ. ಯಾಕೆಂದರೆ ಆ ಮೆಷಿನ್‌ನಲ್ಲಿರುವ ಹೆಚ್ಚು ಕಡಿಮೆ ಎಲ್ಲ ಪ್ರೋಗ್ರಾಮೂ ಆ ಒಂದು ಫೈಲಿನ ಮೇಲೆ ನಿಂತಿದೆ. ಪ್ರೋಗ್ರಾಮನ್ನು ಎಬ್ಬಿಸುವ ಲೋಡರ್ ಎಂಬ ಇನ್ನೊಂದು ಫೈಲ್ ಉಂಟು. ಅದೂ ಲಿಬ್‌ಸಿಯೂ ಒಂದೇ ವರ್ಷನ್‌ನ ಜೋಡಿ ಆಗಿರಬೇಕು. ಒಂದನ್ನು ಮಾತ್ರ ಬದಲಿಸಿದರೆ ಎರಡೂ ಸತ್ತ ಹಾಗೆ. ಕೊನೆಗೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸರಿ ಮಾಡಿದೆ. ಮರುದಿನ ಲ್ಯಾಬ್ ಪರೀಕ್ಷೆ ಇತ್ತು.

ಪೆರ್ಲದವ | 10:07

ಸರಿ ಸರಿ. ವಾಪಸ್ ತೆಗೆದುಕೊಂಡೆ 🙏

ಹೊಸೂರು_ಹುಡುಗಿ | 10:31

ಬದಿಯಡ್ಕದವರೇ, ನಿಮ್ಮ ಪ್ರಿಂಟ್‌ಎಫ್‌ನ ತಪ್ಪೇ ಅಲ್ಲ ಅದು. ನಾನು ಎಂಬೆಡೆಡ್ ಕಡೆ ಕೆಲಸ ಮಾಡುತ್ತೇನೆ. ಈ ಎರರ್ ನನಗೆ ದಿನಾ ಬೆಳಗಿನ ಕಾಫಿ ಇದ್ದ ಹಾಗೆ.

ನೀವು ಬರೆಯುವ ಮೇನ್ ಫಂಕ್ಷನ್ ಶುರುವಾಗುವ ಮೊದಲು ಲಿಬ್‌ಸಿಯ ಒಳಗಿನ "ಲಿಬ್‌ಸಿ ಸ್ಟಾರ್ಟ್ ಮೇನ್" ಎಂಬ ಫಂಕ್ಷನ್ ಓಡುತ್ತದೆ. ಮನೆ ಬಾಗಿಲು ತೆರೆಯುವುದು ಅದು. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಆ ಬಾಗಿಲನ್ನೇ ಬದಲಿಸಿದರು. ಹಾಗಾಗಿ 2.34 ಅಥವಾ ಅದಕ್ಕಿಂತ ಹೊಸ ಗ್ಲಿಬ್‌ಸಿ ಇರುವಲ್ಲಿ ಕಂಪೈಲ್ ಮಾಡಿದ (ಕೋಡಿನಿಂದ ಓಡುವ ಫೈಲ್ ಮಾಡಿದ) ಪ್ರತಿಯೊಂದು ಪ್ರೋಗ್ರಾಮೂ, ಬರೀ "ಹಲೋ" ಅನ್ನುವುದಾದರೂ, 2.34 ಬೇಕು ಎನ್ನುತ್ತದೆ. ನಿಮ್ಮ 22.04ರಲ್ಲಿ ಇರುವುದು 2.35. ಅಂಗಡಿಯ 18.04ರಲ್ಲಿ 2.27.

ಆದರೆ ತಿರುಗಿಸಿ ನೋಡಿ. 18.04ರಲ್ಲಿ ಕಂಪೈಲ್ ಮಾಡಿದ್ದು 22.04ರಲ್ಲಿ ಆರಾಮಾಗಿ ಓಡುತ್ತದೆ. ಹಳೆಯ ಬಾಗಿಲನ್ನು ಅವರು ಕಿತ್ತು ಎಸೆದಿಲ್ಲ, ಪಕ್ಕದಲ್ಲೇ ಇಟ್ಟಿದ್ದಾರೆ. ಒಂದೇ ಹೆಸರಿನ ಫಂಕ್ಷನ್‌ಗೆ ಎರಡು ಮೂರು ವರ್ಷನ್ ಒಟ್ಟಿಗೆ ಇರುತ್ತವೆ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿರುತ್ತಾರೆ. ಹಳೆ ಪ್ರೋಗ್ರಾಮ್ ಹಳೆ ಚೀಟಿ ಕೇಳುತ್ತದೆ, ಹೊಸದು ಹೊಸ ಚೀಟಿ. ನೀವು ಕೇಳಿದಿರಲ್ವಾ ಇವರಿಗೆ ಎಂತ ಕೆಲಸ ಅಂತ? ಕೆಲಸದಲ್ಲಿ ದೊಡ್ಡ ಪಾಲು ಇದೇ. ಯಾರದ್ದೂ ಹಾಳಾಗದ ಹಾಗೆ ಬದಲಿಸುವುದು.

ಪೆರ್ಲದವ | 10:38

ಈ ಲಿಬ್‌ಸಿಯನ್ನೂ ಲಿನಸ್ ಟೊರ್ವಾಲ್ಡ್ಸ್ ಬರೆದದ್ದಲ್ವಾ?

ಮಂಜೇಶ್ವರ_ಮೇಷ್ಟ್ರು | 10:55

ಅಲ್ಲ ಮಾರಾಯರೇ. ಲಿನಸ್ ಬರೆದದ್ದು ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು. ಗ್ಲಿಬ್‌ಸಿ ಗ್ನು ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಯದ್ದು, ಲಿನಕ್ಸ್ ಹುಟ್ಟುವುದಕ್ಕಿಂತ ಹಳೆಯದು. ರೋಲಂಡ್ ಮ್ಯಾಕ್‌ಗ್ರಾತ್ 1980ರ ದಶಕದ ಕೊನೆಯಲ್ಲಿ ಶುರು ಮಾಡಿದರು, ಆಗ ಅವರು ಇನ್ನೂ ಹದಿಹರೆಯದ ಹುಡುಗ. 2017ರಲ್ಲಿ ಸಾಕು ಎಂದು ಬಿಟ್ಟರು. ಮೂವತ್ತು ವರ್ಷ! ನಾನು ಮೇಷ್ಟ್ರ ಕೆಲಸ ಮಾಡಿದ್ದೇ ಅಷ್ಟು ಇಲ್ಲ.

ಆ ಎರರ್‌ನ ಕೊನೆಯಲ್ಲಿ 6 ಎಂಬ ಅಂಕಿ ಇತ್ತಲ್ಲ, ಅದಕ್ಕೂ ಒಂದು ಕತೆ ಉಂಟು. ಮೊದಮೊದಲು ಲಿನಕ್ಸ್‌ನವರು ಗ್ಲಿಬ್‌ಸಿಯ ಒಂದು ಕವಲನ್ನು ತೆಗೆದುಕೊಂಡು ತಮಗೆ ಬೇಕಾದ ಹಾಗೆ ಬೆಳೆಸಿದರು. ಅದು ಲಿಬ್‌ಸಿ 5ರವರೆಗೆ ಬಂತು. ಅಷ್ಟರಲ್ಲಿ ಮೂಲದ ಗ್ಲಿಬ್‌ಸಿ ಚೆನ್ನಾಗಿ ಬೆಳೆದಿತ್ತು. 1997ರಲ್ಲಿ ಗ್ಲಿಬ್‌ಸಿ 2.0 ಬಂದಾಗ ಎಲ್ಲರೂ ಒಬ್ಬೊಬ್ಬರಾಗಿ ಅಲ್ಲಿಗೇ ವಾಪಸ್ ಹೋದರು. 5 ಆದ ಮೇಲಿನದ್ದು, ಹಾಗಾಗಿ 6. ಅಲ್ಲಿಂದ ಇವತ್ತಿನವರೆಗೆ 7 ಆಗಲಿಲ್ಲ. ಆಗಲೂ ಬಾರದು ಎಂದೇ ಅವರ ಹಟ. 7 ಆದ ದಿನ ಹಳೆಯದೆಲ್ಲ ಮತ್ತೆ ಕಂಪೈಲ್ ಆಗಬೇಕು.

ಒಂದು ಹೋಲಿಕೆ ಕೊಡುತ್ತೇನೆ. ಬಾಯಾರು ಕಡೆ ಸುರಂಗ ನೋಡಿದ್ದೀರಲ್ವಾ? ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ತೋಡಿದ ನೀರಿನ ಸುರಂಗ. ಅಜ್ಜ ತೋಡಿದ್ದು, ಮೊಮ್ಮಗ ಕುಡಿಯುತ್ತಾನೆ. ನೀರು ಬರುತ್ತಿರುವಷ್ಟು ದಿನ ಅದರ ನೆನಪೇ ಯಾರಿಗೂ ಇಲ್ಲ. ಆದರೆ ಒಳಗೆ ಮಣ್ಣು ಕುಸಿದರೆ ಯಾರೋ ಒಬ್ಬ ಚಿಮಿಣಿ ಹಿಡಿದು ಬಗ್ಗಿಕೊಂಡು ಹೋಗಿ ತೆಗೆಯಬೇಕು.

ಸೆಗ್‌ಫಾಲ್ಟ್_ಸೊಲ್ಲಾಪುರ | 11:12

ಮೇಷ್ಟ್ರೇ, ಹೋಲಿಕೆ ಚಂದ ಇದೆ ಆದರೆ ಸರಿ ಇಲ್ಲ ನೋಡ್ರಿ. ಸುರಂಗದ ನೀರು ಒಂದು ಮನೆಗೆ. ಗ್ಲಿಬ್‌ಸಿ ಅಂದರೆ ಇಡೀ ಊರಿನ ಟ್ಯಾಂಕು. ಮತ್ತೆ ಮಣ್ಣು ತೆಗೆಯುವವನು ಸುರಂಗದ ದಿಕ್ಕು ಬದಲಿಸೋದಿಲ್ಲ. ಇವರು ಬದಲಿಸ್ತಾರೆ. ಅದೇ ನಮ್ಮ ತಕರಾರು.

2010ರ ಮೆಮ್‌ಕಾಪಿ ಗಲಾಟೆ ನೆನಪಿದೆಯಾ ಯಾರಿಗಾದರೂ?

ನಲ್_ಪಾಯಿಂಟರ್ | 11:15

ಫೆಡೋರಾ ಲಿನಕ್ಸ್ 14! ನನಗೆ ನೆನಪಿದೆ. ಬ್ರೌಸರಿನಲ್ಲಿ ವಿಡಿಯೋ ಓಡಿಸುವ ಫ್ಲ್ಯಾಶ್‌ನ ಶಬ್ದ ಕರಕರ ಎನ್ನುತ್ತಿತ್ತು.

ಚಂದ್ರಗಿರಿ_ದಂಡೆ | 11:20

ಅಯ್ಯೋ ಅದಕ್ಕಾ?! ಆಗ ಹಾಸ್ಟೆಲಿನಲ್ಲಿ ಕೂತು ಯಕ್ಷಗಾನದ ವಿಡಿಯೋ ನೋಡುತ್ತಿದ್ದೆ. ಚೆಂಡೆ ಒಡೆದ ಹಾಗೆ ಕೇಳುತ್ತಿತ್ತು. ರೆಕಾರ್ಡ್ ಮಾಡಿದವನಿಗೆ ಬೈದುಕೊಂಡಿದ್ದೆ. ಪಾಪ ಅವನ ತಪ್ಪಲ್ಲವೇನೋ.

ಸೆಗ್‌ಫಾಲ್ಟ್_ಸೊಲ್ಲಾಪುರ | 11:44

ಆಗಿದ್ದು ಹೀಗೆ. ಮೆಮ್‌ಕಾಪಿ ಅಂದರೆ ಇಲ್ಲಿನ ಬೈಟುಗಳನ್ನು ಅಲ್ಲಿಗೆ ನಕಲು ಮಾಡೋದು. ಎರಡು ಜಾಗ ಒಂದರ ಮೇಲೊಂದು ಬಿದ್ದಿರಬಾರದು ಅಂತ ಸ್ಟ್ಯಾಂಡರ್ಡ್‌ನಲ್ಲಿ ಮೊದಲಿಂದ ಇದೆ. ಬಿದ್ದಿದ್ದರೆ ಮೆಮ್‌ಮೂವ್ ಬಳಸಬೇಕು. ಆದರೆ ಹಳೆ ಮೆಮ್‌ಕಾಪಿ ಮುಂದಿನಿಂದ ಹಿಂದಕ್ಕೆ ಸಾಲಾಗಿ ನಕಲು ಮಾಡ್ತಿತ್ತು. ಹಂಗಾಗಿ ತಪ್ಪು ಬಳಸಿದವರಿಗೂ ಎಷ್ಟೋ ಸಲ ಸರಿ ಉತ್ತರ ಸಿಗ್ತಿತ್ತು. ಹೊಸ ಪ್ರೊಸೆಸರ್‌ನಲ್ಲಿ ವೇಗ ಜಾಸ್ತಿ ಆಗಲಿ ಅಂತ ಹಿಂದಿನಿಂದ ಮುಂದಕ್ಕೆ ನಕಲು ಮಾಡುವ ಹಾಗೆ ಬದಲಿಸಿದರು. ಫ್ಲ್ಯಾಶ್ ತಪ್ಪು ಬಳಸಿತ್ತು. ಶಬ್ದ ಕೆಟ್ಟಿತು.

ಇಲ್ಲೇ ಜಗಳ. ಗ್ಲಿಬ್‌ಸಿ ಕಡೆಯವರು ಹೇಳಿದ್ದು, ತಪ್ಪು ಫ್ಲ್ಯಾಶಿನದ್ದು, ಅವರೇ ಸರಿ ಮಾಡಲಿ. ಲಿನಸ್ ಆ ಬಗ್ ರಿಪೋರ್ಟಿಗೇ ಬಂದು ವಾದ ಮಾಡಿದರು. ಬಳಸುವವನಿಗೆ ಬೇಕಿರೋದು ಓಡುವ ಸಿಸ್ಟಮ್, ಸ್ಟ್ಯಾಂಡರ್ಡ್‌ನಲ್ಲಿ ಹೀಗಿದೆ ಅಂದರೆ ಅವನಿಗೆ ಏನು ಉಪಯೋಗ ಅನ್ನೋದು ಅವರ ವಾದದ ತಿರುಳು. ನಾನು ಲಿನಸ್ ಪಾರ್ಟಿ.

ಹೊಸೂರು_ಹುಡುಗಿ | 11:58

ಕತೆಯ ಕೊನೆ ಹೇಳಲಿಲ್ಲ ನೀವು. 2.14ರಲ್ಲಿ ಮೆಮ್‌ಕಾಪಿಗೆ ಹೊಸ ಚೀಟಿ ಅಂಟಿಸಿದರು. ಅದಕ್ಕಿಂತ ಹಳೆಯ ಪ್ರೋಗ್ರಾಮುಗಳಿಗೆ ಮೆಮ್‌ಮೂವ್ ಥರ ನಡೆದುಕೊಳ್ಳುವ ಹಳೆ ಮೆಮ್‌ಕಾಪಿ ಸಿಗುತ್ತದೆ. ಹೊಸದಾಗಿ ಕಂಪೈಲ್ ಮಾಡಿದವರಿಗೆ ವೇಗದ್ದು. ಎರಡೂ ಕಡೆಯವರು ಗೆದ್ದರು. ಅದಕ್ಕೇ ನಿಮಗೆ ಎಷ್ಟೋ ಕಡೆ "2.14 ನಾಟ್ ಫೌಂಡ್" ಎಂಬ ಎರರ್ ಕೂಡ ಕಂಡಿರುತ್ತದೆ. ಅದು ಈ ಜಗಳದ ಕಲೆ.

ಸೆಗ್‌ಫಾಲ್ಟ್_ಸೊಲ್ಲಾಪುರ | ಭಾನುವಾರ ಬೆಳಿಗ್ಗೆ 7:10

ಒಪ್ಪಿದೆ. ಆದರೆ ಎಲ್ಲ ಸಲ ಹಂಗೆ ಮಾಡಲ್ಲ ಅವರು. 2022ರಲ್ಲಿ 2.36 ಬಂದಾಗ ಫಂಕ್ಷನ್ ಹೆಸರು ಹುಡುಕಲು ಇದ್ದ ಡಿಟಿ ಹ್ಯಾಶ್ ಎಂಬ ಹಳೆ ಟೇಬಲನ್ನು ತೆಗೆದರು. ಜಾಗ ಉಳಿಸಲು. ಗೇಮಿನಲ್ಲಿ ಮೋಸ ತಡೆಯುವ ಒಂದು ಕಾವಲು ಸಾಫ್ಟ್‌ವೇರ್ ಅದನ್ನೇ ಓದ್ತಿತ್ತು. ಆ ಗೇಮುಗಳು ಬಿದ್ದವು. ಮತ್ತೆ ಅದೇ ಗಲಾಟೆ.

ಆದೋನಿ_ಅಡ್ಮಿನ್ | 8:25

ಶಬ್ದ ಕೆಟ್ಟರೆ ಕಿವಿಗೆ ಗೊತ್ತಾಗುತ್ತದೆ. ಗೇಮ್ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಸುಮ್ನೆ ಒಳಗೊಳಗೇ ಹಾಳಾಗುವ ಕತೆ ಹೇಳುತ್ತೇನೆ ಕೇಳಿ.

ನಾನು ಒಂದು ಸಣ್ಣ ಕಚೇರಿಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ. ಜಮೀನಿನ ಕಾಗದ ಪತ್ರದ ಕೆಲಸ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಸರ್ವೆ ನಂಬರ್ ಮೇಲೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿ. ಡೆಬಿಯನ್ ಲಿನಕ್ಸ್ 9ರಿಂದ 10ಕ್ಕೆ ಅಪ್‌ಗ್ರೇಡ್ ಮಾಡಿದೆ. ಒಂದೂ ಎರರ್ ಇಲ್ಲ. ಖುಷಿಯಾಗಿ ಮನೆಗೆ ಹೋದೆ. ಎರಡು ದಿನ ಬಿಟ್ಟು ಫೋನು: "ಸರ್, ಈ ಸರ್ವೆ ನಂಬರ್ ಹುಡುಕಿದರೆ ಇಲ್ಲ ಅನ್ನುತ್ತೆ, ಪೂರ್ತಿ ಪಟ್ಟಿ ತೆಗೆದರೆ ಅಲ್ಲೇ ಇದೆ". ದೆವ್ವ ಹೊಕ್ಕಿದೆ ಅಂದುಕೊಂಡೆ.

ಕಾರಣ ಏನು ಗೊತ್ತಾ? ಯಾವ ಅಕ್ಷರ ಮೊದಲು, ಯಾವುದು ಆಮೇಲೆ ಅನ್ನುವ ಪಟ್ಟಿ ಲಿಬ್‌ಸಿಯಲ್ಲಿ ಇರುತ್ತದೆ. 2018ರ 2.28ರಲ್ಲಿ ಆ ಪಟ್ಟಿಯನ್ನು ಪೂರ್ತಿ ಹೊಸ ಮಾಡಿದರು. ಡೆಬಿಯನ್ 10ರಲ್ಲಿ ಬರುವುದು ಅದೇ 2.28. ಮೊದಲು "11" ಮುಂದೆ, "1-1" ಹಿಂದೆ ಇತ್ತು. ಹೊಸದರಲ್ಲಿ "1-1" ಮುಂದೆ. ಪೋಸ್ಟ್‌ಗ್ರೆಸ್ ತನ್ನ ಇಂಡೆಕ್ಸನ್ನು ಹಳೆಯ ಸಾಲಿನಲ್ಲಿ ಜೋಡಿಸಿ ಡಿಸ್ಕ್‌ನಲ್ಲಿ ಇಟ್ಟಿದೆ. ಹುಡುಕುವಾಗ ಹೊಸ ಸಾಲಿನಲ್ಲಿ ಹುಡುಕುತ್ತದೆ. ಸಿಗುವುದು ಹೇಗೆ? ಅಡ್ಡಗೆರೆ ಇರುವ ಸರ್ವೆ ನಂಬರೇ ಜಾಸ್ತಿ ನಮ್ಮಲ್ಲಿ. ರೀಇಂಡೆಕ್ಸ್ ಮಾಡಿದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಯೂನಿಕ್ ಅನ್ನುವ ಕಾಲಮ್‌ನಲ್ಲಿ ಒಂದೇ ನಂಬರ್ ಎರಡೆರಡು ಸಲ ಸೇರಿತ್ತು. ಅದನ್ನು ಕೈಯಲ್ಲೇ ಬಿಡಿಸಿದೆ, ಮೂರು ರಾತ್ರಿ.

ತಪ್ಪು ಯಾರದ್ದು ಹೇಳಿ? ಪಟ್ಟಿ ಹೊಸ ಮಾಡಿದ್ದು ಒಳ್ಳೆಯದಕ್ಕೇ. ಹಳೆಯದರಲ್ಲಿ ಎಷ್ಟೋ ಭಾಷೆಗಳಿಗೆ ಸರಿ ಇರಲಿಲ್ಲ. ಪೋಸ್ಟ್‌ಗ್ರೆಸ್ ಲಿಬ್‌ಸಿಯನ್ನು ನಂಬಿತು. ನಾನು ಬಿಡುಗಡೆ ಟಿಪ್ಪಣಿ ಓದಲಿಲ್ಲ.

ಪೆರ್ಲದವ | 8:31

ನಿಮ್ಮದೇ ತಪ್ಪು 😄

ಆದೋನಿ_ಅಡ್ಮಿನ್ | 8:33

ಗೊತ್ತು ಮಾರಾಯಾ.

ಚಂದ್ರಗಿರಿ_ದಂಡೆ | 9:02

ಭಾಷೆಯ ಮಾತು ಬಂತಲ್ಲ, ಒಂದು ಸಂತೋಷದ ಸಂಗತಿ. ಗ್ಲಿಬ್‌ಸಿಯಲ್ಲಿ ಕನ್ನಡಕ್ಕೆ ಕೆಎನ್_ಐಎನ್ ಎಂಬ ಲೊಕೇಲ್ (ಒಂದು ಭಾಷೆ, ಊರಿನ ರೂಢಿಗಳ ಫೈಲ್) ಉಂಟು, ಅದು ಎಲ್ಲರಿಗೂ ಗೊತ್ತು. ತುಳುವಿಗೂ ಉಂಟು! ಟಿಸಿವೈ_ಐಎನ್. ವಾರದ ಹೆಸರು, ತಿಂಗಳ ಹೆಸರು ಕನ್ನಡ ಲಿಪಿಯಲ್ಲಿ ತುಳು. ಡೇಟ್ ಕಮಾಂಡ್ ಹೊಡೆದು ಅಮ್ಮನಿಗೆ ತೋರಿಸಿದೆ. "ಕಂಪ್ಯೂಟರಿಗೂ ತುಳು ಬರುತ್ತದಾ" ಎಂದು ಕೇಳಿದರು. ನಮ್ಮ ಕಾಸರಗೋಡು ಸಪ್ತಭಾಷಾ ಭೂಮಿ. ಬ್ಯಾರಿ, ಕರಾಡ ಎಲ್ಲ ಸೇರಿಸಲು ಯಾರಾದರೂ ಕೂರಬೇಕು ಅಷ್ಟೇ.

ಮಂಜೇಶ್ವರ_ಮೇಷ್ಟ್ರು | 9:15

ಕರಾಡ, ಹವ್ಯಕ ಎಲ್ಲ ಲೊಕೇಲ್ ಮಾಡಿದರೆ ಮೊದಲ ಜಗಳ ಬುಧವಾರಕ್ಕೆ ಎಂತ ಹೇಳುವುದು ಎಂದೇ ಶುರುವಾಗುತ್ತದೆ. ಬೇಡ.

ಬದಿಯಡ್ಕ_ಬೈಟ್ | 9:40

ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಆದರೆ ಓದಲು ಮಜಾ ಇದೆ, ಮುಂದುವರಿಸಿ. ಒಂದು ಡೌಟು. ಅಂಗಡಿಯ ಪಿಸಿ ಇಂಟರ್‌ನೆಟ್ಟಿಗೆ ಜೋಡಿಸಿಲ್ಲ. ಹಾಗಿದ್ದಾಗ ಹಳೆ ಲಿಬ್‌ಸಿ ಇದ್ದರೆ ಎಂತ ತೊಂದರೆ? ಹಳೆಯದೇ ಗಟ್ಟಿ ಅಲ್ವಾ?

ನಲ್_ಪಾಯಿಂಟರ್ | 10:20

ಗಟ್ಟಿ ಎಂದುಕೊಂಡಿದ್ದರಲ್ಲೇ ತೂತು ಇರುತ್ತದೆ. ಗೆಟ್‌ಹೋಸ್ಟ್‌ಬೈನೇಮ್ ಗೊತ್ತಲ್ವಾ, ಹೆಸರು ಕೊಟ್ಟರೆ ಐಪಿ ವಿಳಾಸ ಕೊಡುವ ಫಂಕ್ಷನ್. 2000ದಲ್ಲಿ ಬಂದ 2.2ರಲ್ಲಿ ಅದರೊಳಗೆ ಒಂದು ಲೆಕ್ಕದ ತಪ್ಪು ಸೇರಿಕೊಂಡಿತು. ಬಫರ್, ಅಂದರೆ ಡೇಟಾ ಇಡುವ ಜಾಗ, ಕೆಲವು ಬೈಟಿನಷ್ಟು ತುಂಬಿ ಹೊರಚೆಲ್ಲುತ್ತಿತ್ತು. 2013ರಲ್ಲಿ ಯಾರೋ ಅದನ್ನು ಮಾಮೂಲು ಬಗ್ ಎಂದು ಸರಿ ಮಾಡಿದರು. ಇದು ಸುರಕ್ಷತೆಯ ವಿಷಯ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಹಳೆ ವರ್ಷನ್ ಇಟ್ಟುಕೊಂಡಿದ್ದ ಡೆಬಿಯನ್ 7, ಉಬುಂಟು 12.04ರಂಥವಕ್ಕೆ ಆ ಪ್ಯಾಚ್ ಹೋಗಲೇ ಇಲ್ಲ. 2015ರ ಜನವರಿಯಲ್ಲಿ ಕ್ವಾಲಿಸ್ ಎಂಬ ಸುರಕ್ಷತಾ ಕಂಪನಿಯವರು ಅದನ್ನು ಹಿಡಿದು ಘೋಸ್ಟ್ ಎಂದು ಹೆಸರಿಟ್ಟರು. ಜಗತ್ತಿನ ಸರ್ವರ್‌ಗಳೆಲ್ಲ ಆ ವಾರ ರೀಬೂಟ್. ತಪ್ಪು ಅಲ್ಲಿ ಕೂತು ಹದಿನಾಲ್ಕು ವರ್ಷ ಆಗಿತ್ತು.

ಸೆಗ್‌ಫಾಲ್ಟ್_ಸೊಲ್ಲಾಪುರ | 10:28

ಅದು ಹಳೆಯದರ ತೂತು. ಹೊಸದರ ತೂತೂ ಹೇಳ್ರಿ. 2023ರಲ್ಲಿ ಲೂನಿ ಟ್ಯೂನಬಲ್ಸ್ ಅಂತ ಬಂತಲ್ಲ, ಮಾಮೂಲು ಬಳಕೆದಾರ ರೂಟ್, ಅಂದರೆ ಇಡೀ ಮೆಷಿನ್‌ನ ಯಜಮಾನ, ಆಗಿಬಿಡುವಂಥದ್ದು. ಅದು 2.34ರಲ್ಲಿ ಹೊಸದಾಗಿ ಸೇರಿದ ಕೋಡಿನಲ್ಲಿ ಇತ್ತು. ಬದಿಯಡ್ಕದವರ ಅಂಗಡಿ ಪಿಸಿಯ 2.27ರಲ್ಲಿ ಅದು ಇಲ್ಲವೇ ಇಲ್ಲ!

ನಲ್_ಪಾಯಿಂಟರ್ | 10:30

ಸೊಲ್ಲಾಪುರದವರು ಅಪರೂಪಕ್ಕೆ ಸರಿ ಹೇಳಿದ್ದಾರೆ. ಆದರೂ 18.04ಕ್ಕೆ ಮಾಮೂಲು ಬೆಂಬಲ 2023ರಲ್ಲೇ ಮುಗಿದಿದೆ. ನೆಟ್‌ಗೆ ಮಾತ್ರ ಜೋಡಿಸಬೇಡಿ.

ಡಿಮನ್_ಧಾರೆ | 11:05

ಇಷ್ಟು ಹೊತ್ತು ಗ್ಲಿಬ್‌ಸಿ ಒಂದೇ ಲೋಕ ಎಂಬಂತೆ ಮಾತಾಡುತ್ತಿದ್ದೀರಿ. ಲಿನಕ್ಸ್ ಅಲ್ಲದ, ತನ್ನದೇ ಲಿಬ್‌ಸಿ ಇರುವ ಓಪನ್‌ಬಿಎಸ್‌ಡಿ ಎಂಬ ಸಿಸ್ಟಮ್ ಬಳಸುವವ ನಾನು. ಅಕ್ಕಲಕೋಟೆ ಕಡೆಯವ.

ಸಿಯ ಸ್ಟ್ರಿಂಗ್ ಫಂಕ್ಷನ್‌ಗಳು ಎಷ್ಟು ಅಪಾಯ ಎಂದು ಎಲ್ಲರಿಗೂ ಗೊತ್ತು. ಗೆಟ್ಸ್ ಎಂಬುದು ಎಷ್ಟು ಉದ್ದ ಬೇಕಾದರೂ ಓದಿ ತುಂಬಿಸಿಬಿಡುತ್ತಿತ್ತು. 1988ರಲ್ಲಿ ಇಂಟರ್‌ನೆಟ್ಟಿನಲ್ಲಿ ಹರಡಿದ ಮೋರಿಸ್ ವರ್ಮ್ ಎಂಬ ಪ್ರೋಗ್ರಾಮ್ ನುಗ್ಗಿದ ದಾರಿಗಳಲ್ಲಿ ಅದೂ ಒಂದು. ಆದರೂ ಸ್ಟ್ಯಾಂಡರ್ಡ್‌ನಿಂದ ಅದನ್ನು ಕಿತ್ತು ಹಾಕಿದ್ದು 2011ರಲ್ಲಿ! ಪದ ನಕಲು ಮಾಡುವ ಸ್ಟ್ರ್‌ಎನ್‌ಕಾಪಿ ಇನ್ನೊಂದು ಮೋಸ. ಜಾಗ ತುಂಬಿದರೆ, ಪದ ಇಲ್ಲಿಗೆ ಮುಗಿಯಿತು ಎನ್ನುವ ಕೊನೆಯ ಸೊನ್ನೆಯನ್ನೇ ಹಾಕುವುದಿಲ್ಲ. ಅದಕ್ಕೆ ಓಪನ್‌ಬಿಎಸ್‌ಡಿಯವರು 1998ರಲ್ಲಿ ಸ್ಟ್ರ್‌ಎಲ್‌ಕಾಪಿ ಬರೆದರು. ಯಾವಾಗಲೂ ಸೊನ್ನೆ ಹಾಕುತ್ತದೆ, ಕತ್ತರಿಸಿದ್ದರೆ ಗೊತ್ತಾಗುತ್ತದೆ. ಉಳಿದ ಬಿಎಸ್‌ಡಿಗಳು, ಸೋಲಾರಿಸ್, ಮ್ಯಾಕ್ ಎಲ್ಲವೂ ತೆಗೆದುಕೊಂಡವು. ಗ್ಲಿಬ್‌ಸಿಯನ್ನು ಆಗ ನೋಡಿಕೊಳ್ಳುತ್ತಿದ್ದ ಉಲ್ರಿಚ್ ಡ್ರೆಪ್ಪರ್ ಬಿಲ್‌ಕುಲ್ ಬೇಡ ಎಂದರು. ಕೊನೆಗೆ ಸೇರಿಸಿದ್ದು 2023ರಲ್ಲಿ, 2.38ಕ್ಕೆ. 25 ವರ್ಷ! ಅಷ್ಟರಲ್ಲಿ ಎಲ್ಲ ಪ್ರಾಜೆಕ್ಟಿನವರೂ ತಮ್ಮದೇ ಒಂದೊಂದು ಸ್ಟ್ರ್‌ಎಲ್‌ಕಾಪಿ ಬರೆದುಕೊಂಡಿದ್ದರು.

ಹೊಸೂರು_ಹುಡುಗಿ | 11:20

ಡ್ರೆಪ್ಪರ್ ಮಾತು ಒರಟು, ನಿಜ. ಅದಕ್ಕೇ ಡೆಬಿಯನ್ 2009ರಲ್ಲಿ ಇಗ್ಲಿಬ್‌ಸಿ ಎಂಬ ಕವಲಿಗೆ ಹೋಗಿತ್ತು. 2014ರಲ್ಲಿ ವಾಪಸ್ ಬಂತು. ನಡುವೆ 2012ರಲ್ಲಿ ಗ್ಲಿಬ್‌ಸಿಯ ಸ್ಟೀರಿಂಗ್ ಕಮಿಟಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅಲ್ಲಿಂದ ಒಬ್ಬನ ಮಾತು ನಡೆಯುವುದಿಲ್ಲ, ಎಲ್ಲರೂ ಒಪ್ಪಬೇಕು. ಆದರೆ ಸ್ಟ್ರ್‌ಎಲ್‌ಕಾಪಿ ಬೇಡ ಎನ್ನುವುದಕ್ಕೂ ಒಂದು ಅರ್ಥ ಇತ್ತು. ಒಮ್ಮೆ ಸೇರಿಸಿದರೆ ತೆಗೆಯುವ ಹಾಗಿಲ್ಲ. ಬೇಡ ಎಂದದ್ದನ್ನು ನಾಳೆ ಬೇಕು ಎನ್ನಬಹುದು. ಸೇರಿಸಿದ್ದನ್ನು ನಾಳೆ ಬೇಡ ಎನ್ನಲಾಗದು.

ಡಿಮನ್_ಧಾರೆ | 11:26

25 ವರ್ಷ ಯೋಚನೆ ಮಾಡುವಷ್ಟು ಎಂತ ಇತ್ತು ಅದರಲ್ಲಿ?

ಹೊಸೂರು_ಹುಡುಗಿ | 11:27

ಅದು ಜಾಸ್ತಿ ಆಯಿತು, ಒಪ್ಪುತ್ತೇನೆ.

ಆದೋನಿ_ಅಡ್ಮಿನ್ | 11:34

ಬಿಎಸ್‌ಡಿಯವರು ಎದೆ ತಟ್ಟಿಕೊಳ್ಳುವ ಮೊದಲು ಸೀಕ್‌ಡಿರ್ ನೆನಪು ಮಾಡಿಕೊಳ್ಳಲಿ. ಫೋಲ್ಡರ್ ಓದುತ್ತಾ ನಡುವೆ ಫೈಲ್ ಅಳಿಸಿದರೆ ಲೆಕ್ಕ ತಪ್ಪುತ್ತಿತ್ತು. ಸುಮಾರು 25 ವರ್ಷ ಹಾಗೇ ಇತ್ತು. 2008ರಲ್ಲಿ ಓಪನ್‌ಬಿಎಸ್‌ಡಿಯ ಮಾರ್ಕ್ ಬಾಲ್ಮರ್ ಹಿಡಿದರು. ಅಲ್ಲಿಯವರೆಗೆ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಸಾಂಬಾ ಸಾಫ್ಟ್‌ವೇರಿನವರು ಬಿಎಸ್‌ಡಿ ಎಂದರೆ ಹೀಗೇ ಎಂದು ಸುತ್ತಿ ಬಳಸಿ ಕೋಡ್ ಬರೆದುಕೊಂಡಿದ್ದರು.

ಡಿಮನ್_ಧಾರೆ | 11:36

ಹಿಡಿದದ್ದೂ ನಮ್ಮವರೇ ಅಲ್ವಾ 😎

ಮುಳ್ಳೇರಿಯ_ಮಳೆ | ಮಧ್ಯಾಹ್ನ 2:15

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನ್ನದು ಬೇರೆ ಭಯ. ಒಂದು ಕಡೆ 15 ವರ್ಷದ ಸಾಲದ ಕಂತಿನ ಲೆಕ್ಕ ಹಾಕುವ ಹಳೆ 32 ಬಿಟ್ ಪ್ರೋಗ್ರಾಮ್ ಇತ್ತು. 2023ರಲ್ಲಿ ಒಂದು ದಿನ ಹೊಸ ಸಾಲ ಹಾಕಿದರೆ ಕೊನೆಯ ಕಂತಿನ ತಾರೀಕು 1901 ಎಂದು ಬಂತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಟೈಮ್_ಟಿ 32 ಬಿಟ್‌ನಲ್ಲಿ 2,14,74,83,647ಕ್ಕೆ ತುಂಬುತ್ತದೆ. 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಅದರ ಮುಂದಿನ ಸೆಕೆಂಡಿಗೆ 1901. ಮಂಗಳವಾರ. ಶಾಲೆ ಶುರುವಾಗುವ ಹೊತ್ತು. ಈಗ ನೆಟ್ಟ ಅಡಿಕೆ ಸಸಿ ಆಗ ಒಳ್ಳೆ ಫಸಲಿನಲ್ಲಿ ಇರುತ್ತದೆ. ತುಂಬಾ ದೂರ ಏನೂ ಅಲ್ಲ.

ಪೆರ್ಲದವ | 2:20

64 ಬಿಟ್ ಮಾಡಿದರೆ ಆಯಿತಲ್ಲ. ಒಂದು ಸಾಲು ಬದಲಿಸುವುದು.

ಹೊಸೂರು_ಹುಡುಗಿ | 2:48

ಈ "ಒಂದು ಸಾಲು" ನನ್ನ ಎರಡು ವರ್ಷ ತಿಂದಿದೆ.

ನಿಮ್ಮ ಪ್ರೋಗ್ರಾಮಿನಲ್ಲಿ ಟೈಮ್_ಟಿ 8 ಬೈಟ್ ಮಾಡುತ್ತೀರಿ. ನೀವು ಬಳಸುವ ಇನ್ನೊಂದು ಲೈಬ್ರರಿ 4 ಬೈಟ್ ಎಂದೇ ಕಂಪೈಲ್ ಆಗಿದೆ. ಇಬ್ಬರೂ ಒಂದು ಸ್ಟ್ರಕ್ಟ್ (ಹಲವು ಮೌಲ್ಯ ಸೇರಿದ ಕಟ್ಟು) ಕೊಟ್ಟು ತೆಗೆದುಕೊಳ್ಳುತ್ತೀರಿ. ಅವನು ಬರೆದ ಜಾಗ ಬೇರೆ, ನೀವು ಓದುವ ಜಾಗ ಬೇರೆ. ಕಂಪೈಲರ್ ಏನೂ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಒಂದೇ ದಿನ ಬದಲಾಗಬೇಕು. ಓಪನ್‌ಬಿಎಸ್‌ಡಿ 2014ರಲ್ಲಿ 5.5ರಲ್ಲಿ ಹಾಗೇ ಮಾಡಿತು. ಅವರಿಗೆ ಸುಲಭ, ಕರ್ನಲ್, ಲಿಬ್‌ಸಿ, ಕಮಾಂಡುಗಳು ಎಲ್ಲ ಒಂದೇ ಮನೆಯದ್ದು, ಹಳೆ ಬೈನರಿಯ ಹಂಗೂ ಇಲ್ಲ. ಲಿನಕ್ಸ್‌ನ ಇನ್ನೊಂದು ಸಣ್ಣ ಲಿಬ್‌ಸಿ ಮಸಲ್ 2020ರಲ್ಲಿ ಮಾಡಿತು. ಗ್ಲಿಬ್‌ಸಿ 2.34ರಲ್ಲಿ ಬೇಕಾದವರು ಆರಿಸಿಕೊಳ್ಳಿ ಎಂದಿತು. ಡೆಬಿಯನ್‌ನವರು ತಮ್ಮ 32 ಬಿಟ್ ಆರ್ಮ್ ಪ್ರೊಸೆಸರ್‌ನ ಪ್ಯಾಕೇಜುಗಳನ್ನು ಒಟ್ಟಿಗೇ ಬದಲಿಸಿ ಮತ್ತೆ ಕಟ್ಟಿದರು. 2025ರ ಡೆಬಿಯನ್ 13ರಲ್ಲಿ ಅದು ಬಂತು. ಹಳೆ ಇಂಟೆಲ್ 32 ಬಿಟ್ ಮಾತ್ರ ಬೇಕೆಂದೇ ಬಿಟ್ಟರು. ಅದು ಇರುವುದೇ ಹಳೆ ಬೈನರಿ ಓಡಿಸಲು. ಬದಲಿಸಿದರೆ ಇರುವ ಕಾರಣವೇ ಹೋಗುತ್ತದೆ.

ಮಂಜೇಶ್ವರ_ಮೇಷ್ಟ್ರು | 3:05

ಬಾಗಿಲು ಬದಲಿಸಲು ಮನೆಯವರೆಲ್ಲ ಒಂದೇ ದಿನ ಹೊರಗೆ ನಿಲ್ಲಬೇಕು ಎಂದ ಹಾಗಾಯಿತು.

ಸೆಗ್‌ಫಾಲ್ಟ್_ಸೊಲ್ಲಾಪುರ | 3:11

ಮೇಷ್ಟ್ರು ಸುರಂಗ ಬಿಟ್ಟು ಬಾಗಿಲಿಗೆ ಬಂದರು. ಪ್ರಗತಿ.

ಬದಿಯಡ್ಕ_ಬೈಟ್ | ಸಂಜೆ 6:30

ಅಪ್‌ಡೇಟ್: ನಿನ್ನೆ ರಾತ್ರಿ ಒಬ್ಬರು ಖಾಸಗಿಯಾಗಿ ಹೇಳಿದರು, ಮಸಲ್ ಲಿಬ್‌ಸಿ ಬಳಸಿ ಸ್ಟ್ಯಾಟಿಕ್ ಆಗಿ ಕಟ್ಟಿ, ಎಲ್ಲ ಒಂದೇ ಫೈಲಿನೊಳಗೆ ಬರುತ್ತದೆ, ಯಾರ ಹಂಗೂ ಇಲ್ಲ ಎಂದು. ಮಾಡಿದೆ. ಅಂಗಡಿ ಪಿಸಿಯಲ್ಲಿ ಒಂದೇ ಏಟಿಗೆ ಓಡಿತು! ಕುಣಿದುಬಿಟ್ಟೆ.

ಆದರೆ ಧಣಿಗಳು ಬಿಲ್ ನೋಡಿ ತಲೆ ಅಲ್ಲಾಡಿಸಿದರು. "ಇದರಲ್ಲಿ ಕೋಮಾ ಎಲ್ಲಿ?" ನನ್ನ ಲ್ಯಾಪ್‌ಟಾಪಿನಲ್ಲಿ 2,35,400 ಎಂದು ಬರುತ್ತಿದ್ದುದು ಇಲ್ಲಿ 235400 ಎಂದು ಬರುತ್ತದೆ. ಕೋಡ್ ಅದೇ. ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಆದ ಮೇಲೆ ಸಿಂಗಲ್ ಕೋಟ್ ಹಾಕಿದ್ದೇನೆ. ಎಂತ ಆಯಿತು?

ನಲ್_ಪಾಯಿಂಟರ್ | 6:41

ಹಹಹ. ಮಸಲ್‌ನ ಪ್ರಿಂಟ್‌ಎಫ್ ಆ ಕೋಟನ್ನು ನೋಡುತ್ತದೆ, ಬೈಯುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಅಂಕಿ ಗುಂಪು ಮಾಡುವ ಲೊಕೇಲ್ ಅದರಲ್ಲಿ ಇಲ್ಲ. ಅದು ಸಣ್ಣದಾಗಿ ಇರುವುದು ಹಾಗೆಯೇ. ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಿಂದ ದೊಡ್ಡ ಉತ್ತರ ಬಂದರೆ ಟಿಸಿಪಿಯಲ್ಲಿ ಮತ್ತೆ ಕೇಳುವುದನ್ನು ಕೂಡ ಅವರು ಸೇರಿಸಿದ್ದು 2023ರಲ್ಲಿ.

ಹೊಸೂರು_ಹುಡುಗಿ | 6:50

ನೀವು ಮೊದಲ ಪೋಸ್ಟಿನಲ್ಲಿ ಕೇಳಿದಿರಿ, ಪ್ರಿಂಟ್‌ಎಫ್‌ನಲ್ಲಿ ಎಂತ ಉಂಟು ಎಂದು. ಲಕ್ಷದ ಕೋಮಾ ಉಂಟು. ಮೂರಕ್ಕೊಂದು, ಆಮೇಲೆ ಎರಡೆರಡಕ್ಕೊಂದು ಎಂದು ಯಾರೋ ಕೂತು ಲೊಕೇಲ್ ಫೈಲಿನಲ್ಲಿ ಬರೆದಿಟ್ಟಿದ್ದಾರೆ.

ಈಗ ದಾರಿ ಎರಡು. ಕೋಮಾ ಹಾಕುವ ಫಂಕ್ಷನ್ ನೀವೇ ಬರೆಯಿರಿ, ಇಪ್ಪತ್ತು ಸಾಲು. ಇಲ್ಲವೇ ಒಂದು ಲಿನಕ್ಸ್‌ನೊಳಗೆ ಇನ್ನೊಂದನ್ನು ಬೇರೆಯಾಗಿ ಇಟ್ಟು ಓಡಿಸುವ ಡಾಕರ್‌ನಲ್ಲಿ ಉಬುಂಟು 18.04 ಇಳಿಸಿ ಅದರೊಳಗೆ ಗ್ಲಿಬ್‌ಸಿಯಲ್ಲೇ ಕಂಪೈಲ್ ಮಾಡಿ.

ಸೆಗ್‌ಫಾಲ್ಟ್_ಸೊಲ್ಲಾಪುರ | 6:53

ಬಿಲ್ಲಿಂಗ್ ಪ್ರೋಗ್ರಾಮಿಗೆ ಡಾಕರ್ರಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇಪ್ಪತ್ತು ಸಾಲು ಬರೀರಿ ಸಾಕು.

ಡಿಮನ್_ಧಾರೆ | 6:55

ಆ ಇಪ್ಪತ್ತು ಸಾಲಿನಲ್ಲಿ ಸ್ಟ್ರ್‌ಎನ್‌ಕಾಪಿ ಬಳಸಬೇಡಿ!

ಬದಿಯಡ್ಕ_ಬೈಟ್ | ಸೋಮವಾರ ರಾತ್ರಿ 8:12

ಇಪ್ಪತ್ತು ಸಾಲು ಬರೆದೆ. ರಿಟರ್ನ್ ಬಂದ ಮಾಲಿನ ಲೆಕ್ಕ ಮೈನಸ್ ಬಂದಾಗ "-,35,400" ಎಂದು ಅಚ್ಚಾಯಿತು. ಸರಿ ಮಾಡಲು ಹೋಗಿ ಸೊನ್ನೆಯೇ ಮಾಯ. ಬಿಟ್ಟೆ. ಡಾಕರ್ ದಾರಿ ಹಿಡಿದೆ. 18.04ರಲ್ಲಿ ಕಂಪೈಲ್ ಮಾಡಿದೆ, ಅಂಗಡಿ ಪಿಸಿಯಲ್ಲಿ ಇಎನ್_ಐಎನ್ ಲೊಕೇಲ್ ಇರಲಿಲ್ಲ, ಅದನ್ನೂ ಹುಟ್ಟಿಸಿದೆ. ಈಗ ಓಡುತ್ತಿದೆ, ಕೋಮಾ ಸಹಿತ. ಅದೇ ಫೈಲ್ ನನ್ನ 22.04ರಲ್ಲೂ ಓಡುತ್ತದೆ.

ಮೊದಲ ಪೋಸ್ಟಿನ ಸಿಟ್ಟು ವಾಪಸ್ ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ, ಅರ್ಧ.

ಪೆರ್ಲದವ | 8:20

ಧಣಿಗಳು ಎಂತ ಹೇಳಿದರು?

ಬದಿಯಡ್ಕ_ಬೈಟ್ | 8:31

ಬಿಲ್ ಹಿಡಿದು ಎರಡು ಸಲ ನೋಡಿದರು. "ಇದಕ್ಕೆ ಮೂರು ದಿನ ಬೇಕಾಯಿತಾ?"

ಪೆರ್ಲದವ | 8:32

😂😂 ಅಡಿಕೆಗೆ ಇವತ್ತು ರೇಟು ಎಷ್ಟು?